ದಾಳಿ ಹೆಚ್ಚಾಗ್ಯಾವೋ ಕಡಿಮಿ ಆಗ್ಯಾವೋ, ಯಾವ ಲೆಕ್ಕ ನಂಬಬೇಕ್ರಿ?

ಸಿಂದಗಿ_ಹುಡುಗಿ

ಎಲ್ಲಾರಿಗೂ ನಮಸ್ಕಾರ್ರಿ. ನಾನು ವಿಜಯಪುರದಾಗ ಎಂ.ಎ. ರಾಜ್ಯಶಾಸ್ತ್ರ ಕೊನೇ ವರ್ಷ ಓದಾಕತ್ತೀನಿ. ಪ್ರಾಜೆಕ್ಟಿಗೆ ಅಂತರರಾಷ್ಟ್ರೀಯ ಭಯೋತ್ಪಾದನೆ ಹೆಚ್ಚಾಗೇತೋ ಕಡಿಮಿ ಆಗೇತೋ ಅನ್ನೋ ವಿಷಯ ತಗೊಂಡೀನಿ. ಅಂಕಿ ಅಂಶ ಇಳಿಸ್ಕೊಂಡು ಒಂದ ಗ್ರಾಫ್ ಹಾಕಿದ್ರ ಮುಗೀತು ಅಂದ್ಕೊಂಡಿದ್ದೆ, ಈಗ ತಲಿ ಕೆಟ್ಟೇತ್ರಿ. 2014ನೇ ವರ್ಷಾನ ತಗೊಳ್ರಿ, ಮೇರಿಲ್ಯಾಂಡ್ ಯೂನಿವರ್ಸಿಟಿಯವರ ಗ್ಲೋಬಲ್ ಟೆರರಿಸಂ ಡೇಟಾಬೇಸ್ (ಜಿಟಿಡಿ ಅಂತಾರಲ್ಲ) ಪ್ರಕಾರ ಆ ವರ್ಷ 43 ಸಾವಿರದ ಮ್ಯಾಲ ಜನ ಸತ್ತಾರ, ಅಮೆರಿಕಾ ವಿದೇಶಾಂಗ ಇಲಾಖೆ ವರದಿ ಒಳಗ 32 ಸಾವಿರ ಚಿಲ್ಲರೆ ಐತಿ, ಅದೂ ಅವರು ಅಂಕಿ ತಗೊಂಡಿದ್ದು ಅದ ಜಿಟಿಡಿಯಿಂದನ. ಉಳಿದ ಹತ್ತು ಸಾವಿರದ ಮ್ಯಾಲಿನ ಜನ ಎಲ್ಲಿ ಹೋದ್ರು? ಇನ್ನೊಂದು, 2012ಕ್ಕ ಬಂದ ಕೂಡ್ಲೇ ದಾಳಿ ಸಂಖ್ಯೆ ಒಮ್ಮೆಲೇ ಜಿಗೀತೈತಿ. ಅಷ್ಟ ಖರೇನ ಹೆಚ್ಚಾದವು? ಯಾರಿಗರ ಗೊತ್ತಿದ್ರ ಬಿಡಿಸಿ ಹೇಳ್ರಿ, ಗೈಡ್ ಮೇಡಂ ಮುಂದ ಶುಕ್ರವಾರ ಕೂಡಬೇಕು.

ಗೋಕಾಕ_ಫಾಲ್ಸ್

ತಂಗೀ, ಮೊದಲ ಪ್ರಶ್ನೆಗೆ ಹೇಳ್ತೀನಿ. ಜೋಳ ಒಂದ, ಜರಡಿ ಬ್ಯಾರೆ. ಜಿಟಿಡಿಯವರು ಇದು ಉಗ್ರರ ದಾಳಿಯೋ, ಸಾಮಾನ್ಯ ಕ್ರೈಮೋ, ಯುದ್ಧದ ಭಾಗವೋ ಅಂತ ಸಂದೇಹ ಇರೋ ಘಟನಾನೂ ಒಳಗ ಇಟ್ಕೊಂಡು ಅದರ ಮುಂದ ಒಂದು ಗುರ್ತು ಹಾಕಿರ್ತಾರ. ವಿದೇಶಾಂಗ ಇಲಾಖೆಗೆ ಹೋಗೋವಾಗ ಅಮೆರಿಕಾದ ಕಾನೂನಿನ ವ್ಯಾಖ್ಯೆಗೆ ಕೂಡೋವಷ್ಟ ಜರಡಿ ಹಿಡದು ಕೊಡ್ತಿದ್ರು. ಹಂಗಾಗಿ ಎರಡೂ ಸುಳ್ಳಲ್ಲ, ಆದ್ರ ಒಂದ ಗ್ರಾಫಿನ್ಯಾಗ ಎರಡನ್ನೂ ಕೂಡಿಸಿದ್ರ ಅದು ಸುಳ್ಳಾಗ್ತೈತಿ.

ನಿನ್ನ ವಿಷಯದಾಗ "ಅಂತರರಾಷ್ಟ್ರೀಯ" ಅನ್ನೋ ಶಬ್ದ ಐತಲ್ಲ, ಅದನ್ನ ಭಾಳ ಹುಷಾರಿಲೇ ಹಿಡಿ. ಅಮೆರಿಕಾದವರು ಹಿಂದ ಎರಡು ದೇಶದ ಪ್ರಜೆಗಳು ಅಥವಾ ಎರಡು ದೇಶದ ನೆಲ ಬಂದಿದ್ರ ಮಾತ್ರ ಎಣಸ್ತಿದ್ರು. 2004ರ ಆಗಸ್ಟ್‌ನ್ಯಾಗ ರಷ್ಯಾದಾಗ ಒಂದ ರಾತ್ರಿ ಎರಡು ವಿಮಾನ ಸ್ಫೋಟ ಆದವು, ಒಟ್ಟು 90 ಜನ ಹೋದ್ರು. ಒಂದ ವಿಮಾನ ಮಾತ್ರ ಲೆಕ್ಕಕ್ಕ ಬಂತು, ಯಾಕಂದ್ರ ಅದರಾಗ ವಿದೇಶಿ ಪ್ರಯಾಣಿಕ ಇದ್ದ. ಇನ್ನೊಂದರಾಗ ಇದ್ದಾವ್ರು ಎಲ್ಲಾ ರಷ್ಯಾದವ್ರು, ಅದನ್ನ ಬಿಟ್ರು. ಓದಿದಾಗ ನನಗ ಎದಿ ಹಿಂಡಿದಂಗ ಆಗಿತ್ತು. ಆ ವರ್ಷ ದೊಡ್ಡ ದಾಳಿ 651 ಅಂತ ಬರದಿದ್ರು, ಮುಂದ ವ್ಯಾಖ್ಯೆ ಅಗಲ ಮಾಡಿ ದೇಶದೊಳಗಿನ ದಾಳಿನೂ ಸೇರಿಸಿದ ಮ್ಯಾಲ 2005ರ ಲೆಕ್ಕ ಸುಮಾರು 11 ಸಾವಿರ ಆತು. ಒಂದು ವರ್ಷದಾಗ ಜಗತ್ತು ಹದಿನೇಳು ಪಟ್ಟು ಕೆಟ್ಟಿರಲಿಲ್ಲ.

ಅದಕ್ಕಿಂತ ಹಿಂದಿನ ವರ್ಷದ ಕತಿ ನಿನ್ನ ಪ್ರಾಜೆಕ್ಟಿನ್ಯಾಗ ಹಾಕಲೇಬೇಕು. 2004ರ ಏಪ್ರಿಲ್‌ನ್ಯಾಗ ಬಂದ ವರದಿ, 2003ರಾಗ 190 ದಾಳಿ, 307 ಸಾವು, 1969ರಿಂದ ಈಚೆಗೆ ಇದ ಕಡಿಮಿ ಅಂತ ಹೇಳ್ತು. ಅಲನ್ ಕ್ರೂಗರ್, ಡೇವಿಡ್ ಲೈಟಿನ್ ಅಂತ ಇಬ್ಬರು ಪ್ರೊಫೆಸರ್ ಕೂತು ಎಣಸಿ ನೋಡಿದ್ರು, ದೊಡ್ಡ ದಾಳಿಗಳು ಕಡಿಮಿ ಆಗಿರಲಿಲ್ಲ, ಹೆಚ್ಚಾಗಿದ್ವು. ಪಟ್ಟಿ ನವೆಂಬರ್ ನಡುವ ನಿಂತಿತ್ತು, ಅದ ತಿಂಗಳು ಇಸ್ತಾಂಬುಲ್‌ನ್ಯಾಗ ಆದ ದೊಡ್ಡ ಸ್ಫೋಟಗಳ ಸಾವು ಬರಲೇ ಇಲ್ಲ. ಜೂನ್‌ನ್ಯಾಗ ತಿದ್ದಿ 208 ದಾಳಿ, 625 ಸಾವು ಅಂದ್ರು. ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಅವರೇ ತಪ್ಪಾಗೇತಿ ಅಂತ ಒಪ್ಕೊಂಡ್ರು. ಸಾವಿನ ಸಂಖ್ಯೆ ದುಪ್ಪಟ್ಟು ಆತು ನೋಡು.

ಲೆಕ್ಕದ_ಮಾಸ್ತರ_ಬಾಗಲಕೋಟಿ

ಗೋಕಾಕದ ಅಣ್ಣಾರು ಹೇಳಿದ್ದು ಬರೋಬ್ಬರಿ ಐತಿ. 2012ರ ಜಿಗಿತಕ್ಕ ನಾನು ಹೇಳ್ತೀನಿ, ನಾನು ಸಂಖ್ಯಾಶಾಸ್ತ್ರ ಕಲಸಾಂವ.

ನಮ್ಮ ಕಡೆ ಮಳಿ ಮಾಪನ ನೆನಪು ಮಾಡ್ಕೊಳ್ರಿ. ಹಿಂದ ಇಡೀ ತಾಲೂಕಿಗೆ ಬೆರಳೆಣಿಕಿ ಮಾಪಕ ಇದ್ವು, ಈಗ ಪಂಚಾಯ್ತಿ ಪಂಚಾಯ್ತಿಗೂ ಟೆಲಿಮೆಟ್ರಿಕ್ ಮಾಪಕ ಕೂಡಿಸ್ಯಾರ. "ಈ ವರ್ಷ 50 ಮಿ.ಮೀ. ದಾಟಿದ ಜಾಗ ಎಷ್ಟು" ಅಂತ ಎಣಿಸಿದ್ರ ಹಿಂದಿನಕ್ಕಿಂತ ಹತ್ತು ಪಟ್ಟು ಬರ್ತೈತಿ, ಮೋಡ ಬದಲಾಗಿರೋದಿಲ್ಲ. ಜಿಟಿಡಿದೂ ಹಂಗ ಐತಿ. 1970ರಿಂದ 1997ರ ತನಕಾ ಪಿಂಕರ್ಟನ್ ಅನ್ನೋ ಖಾಸಗಿ ಸಂಸ್ಥೆ ದಿನಾ ಸುದ್ದಿ ನೋಡಿ ಕಾರ್ಡ್ ಬರಿತಿತ್ತು. 1998ರಿಂದ ಮುಂದಿನ ಹತ್ತು ವರ್ಷದ್ದು ಬ್ಯಾರೆ ತಂಡ, ಹಿಂದಿನ ಸುದ್ದಿ ಹುಡುಕಿ ಹುಡುಕಿ ತುಂಬಿದ್ದು, ಆಗ ಸಣ್ಣ ದಾಳಿ ಕೈ ತಪ್ಪತಾವ, ಯಾಕಂದ್ರ ಹಳೇ ಸುದ್ದಿ ಸಿಗೋದಿಲ್ಲ. 2008ರಿಂದ ಮತ್ತೊಂದು ತಂಡ. 2011ರ ಕೊನೆಯಿಂದ ಮೇರಿಲ್ಯಾಂಡ್‌ನವರೇ ಕಂಪ್ಯೂಟರ್ ಹಚ್ಚಿ ದಿನಕ್ಕ ಲಕ್ಷಗಟ್ಲೆ ಸುದ್ದಿ ಸೋಸಾಕ ಶುರು ಮಾಡಿದ್ರು. 2012ರ ಜಿಗಿತದಾಗ ಇರಾಕ್, ಪಾಕಿಸ್ತಾನ, ನೈಜೀರಿಯಾದ ಖರೇ ರಕ್ತಪಾತಾನೂ ಐತಿ, ಹೊಸ ಮಾಪಕಾನೂ ಐತಿ. ಇದನ್ನ ಅವರೇ ಎಚ್ಚರಿಕಿ ಅಂತ ಬರದಾರ, ಜನ ಓದೋದಿಲ್ಲ, ಗ್ರಾಫ್ ಅಷ್ಟ ಕಾಪಿ ಮಾಡ್ತಾರ.

ಆ ಪಿಂಕರ್ಟನ್ ಕಾರ್ಡಿನೊಳಗ 1993ನೇ ವರ್ಷದ್ದು ಆಫೀಸ್ ಬದಲಿಸೋವಾಗ ಕಳದು ಹೋತು. ಮುಖ್ಯ ಪಟ್ಟಿಯೊಳಗ 1993 ಇಲ್ಲವೇ ಇಲ್ಲ. ನಮಗ ಆ ವರ್ಷ ಅಂದ್ರ ಏನು? ಮಾರ್ಚ್ 12, ಮುಂಬೈ ಸರಣಿ ಸ್ಫೋಟ, 257 ಜನ. ನಾ ಆಗ ಶಾಲಿ ಹುಡುಗ, ನಮ್ಮ ಓಣಿಯಿಂದ ಮುಂಬೈಗೆ ದುಡಿಯಾಕ ಹೋದವರು ಭಾಳ ಮಂದಿ, ಅವರ ಮನಿಯವರು ಎರಡು ದಿನ ಪೋಸ್ಟ್ ಆಫೀಸ್ ಮುಂದ ಕುಂತಿದ್ದು ಇನ್ನೂ ಕಣ್ಣ ಮುಂದ ಐತಿ.

ಇನ್ನೊಂದು, ಸರಾಸರಿ ತಗೀಬ್ಯಾಡ್ರಿ. ದಾಳಿಗಳೊಳಗ ಹತ್ರ ಹತ್ರ ಅರ್ಧ ದಾಳಿಯೊಳಗ ಒಬ್ಬರೂ ಸಾಯೋದಿಲ್ಲ, ಮತ್ತ 2001ರ ಸೆಪ್ಟೆಂಬರ್ 11ರ ಒಂದ ದಿನ 2,977 ಜನ ಹೋದ್ರು. 2019ರ ಆಗಸ್ಟ್‌ನ್ಯಾಗ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಏರಿ ಬಂದಾವಲ್ಲ, ಆ ಒಂದು ತಿಂಗಳು ಸೇರಿಸಿ ಹತ್ತು ವರ್ಷದ ನೀರಿನ ಸರಾಸರಿ ತಗದ್ರ ಬರಗಾಲದ ವರ್ಷಗಳು ಕಾಣಸ್ತಾವೇನು? ದಾಳಿ ಸಂಖ್ಯೆ ಬ್ಯಾರೆ ಗೆರಿ, ಸಾವು ಬ್ಯಾರೆ ಗೆರಿ, 25ಕ್ಕಿಂತ ಹೆಚ್ಚು ಜನ ಸತ್ತ ದಾಳಿಗಳದ್ದು ಮತ್ತೊಂದು ಗೆರಿ ಹಾಕ್ರಿ.

ಕ್ಯಾಂಪ್_ಬೆಳಗಾವಿ

ನಾನು ಫೌಜಿನ್ಯಾಗ 17 ವರ್ಷ ಇದ್ದೆ, ಅದರಾಗ ಎರಡು ಸಲ ಕಾಶ್ಮೀರ. ಇಬ್ಬರೂ ಹೇಳಿದ್ದು ಓದಿದ್ರ ಅಂಕಿ ಎಲ್ಲಾ ದಂಡ ಅನ್ನಿಸ್ತೈತಿ, ಹಂಗ ಅಲ್ರಿ. ಎಲ್ಲಿಂದ ಎಲ್ಲಿಗೆ ಸರೀತು ಅನ್ನೋದು ಯಾವ ಜರಡಿ ಹಿಡದ್ರೂ ಕಾಣತೈತಿ. 70ರ ದಶಕದಾಗ ಪಶ್ಚಿಮ ಯುರೋಪ್, 80ರಾಗ ಪೆರು, ಎಲ್ ಸಾಲ್ವಡಾರ್, ಮುಂದ ಇರಾಕ್, ಅಫ್ಘಾನಿಸ್ತಾನ, ಪಾಕಿಸ್ತಾನ, ಈಗ ಆಫ್ರಿಕಾದ ಸಾಹೆಲ್ (ಸಹಾರಾ ಮರುಭೂಮಿ ಕೆಳಗಿನ ಪಟ್ಟಿ). ಯಾವ ದೇಶಕ್ಕ ಭಯೋತ್ಪಾದನೆ ಪೆಟ್ಟು ಎಷ್ಟು ಅಂತ ಸಾಲು ಹಚ್ಚೋ ಗ್ಲೋಬಲ್ ಟೆರರಿಸಂ ಇಂಡೆಕ್ಸ್‌ನ್ಯಾಗ, 2023ರ ಲೆಕ್ಕಕ್ಕ ಬುರ್ಕಿನಾ ಫಾಸೋ ಮೊದಲನೇದು, ಜಗತ್ತಿನ ಸಾವಿನ ಅರ್ಧದ ಮ್ಯಾಲ ಸಾಹೆಲ್ ಒಂದರಾಗ. ಹಾಂ, ಆ ಇಂಡೆಕ್ಸ್‌ನವರು ಮದಲ ಜಿಟಿಡಿ ಅಂಕಿ ತಗೋತಿದ್ರು, 2022ರ ವರದಿಯಿಂದ ಮೂಲ ಬದಲಿಸ್ಯಾರ, ಹಳೇ ವರದಿ ಪಕ್ಕ ಇಟ್ಟು ಹೋಲಿಸಬ್ಯಾಡಮ್ಮಾ.

ನನ್ನದೊಂದು ಮಾತು. ಯಾರ ಸಾವು ಎಣಸ್ತಾರ ಅನ್ನೋದನ್ನೂ ನೋಡು. ಗಸ್ತಿನ ಮ್ಯಾಲ ಹೋದ ಯೋಧ ಸತ್ರ ಕೆಲವು ಪಟ್ಟಿಯೊಳಗ ಅದು ಯುದ್ಧ, ಕೆಲವರ ಪಟ್ಟಿಯೊಳಗ ಭಯೋತ್ಪಾದನೆ. ದಿಲ್ಲಿಯ ಸೌತ್ ಏಷ್ಯಾ ಟೆರರಿಸಂ ಪೋರ್ಟಲ್‌ನವರು ನಾಗರಿಕರು, ಭದ್ರತಾ ಪಡೆ, ಉಗ್ರರು ಅಂತ ಮೂರು ಕಾಲಂ ಬ್ಯಾರೆ ಬ್ಯಾರೆ ಕೊಡ್ತಾರ, ಅದು ನನಗ ಸರಿ ಕಾಣತೈತಿ. ಮತ್ತ ನಾವು ನಾಕಾ ಹಾಕಿ ರಾತ್ರಿ ಇಡೀ ಕುಂತು, ಹೊರಡೋಕಿಂತ ಮದಲ ಹಿಡದ ದಾಳಿ ಯಾವ ಕಾಲಂನ್ಯಾಗೂ ಬರೋದಿಲ್ಲ. ಜಿಟಿಡಿ ಒಳಗ ಪ್ರಯತ್ನ ಮಾಡಿ ವಿಫಲ ಆಗಿದ್ದು ಬರ್ತೈತಿ, ಸಂಚಿನ ಹಂತದಾಗ ಮುರದದ್ದು ಬರೋದಿಲ್ಲ. ದಾಳಿ ಇಲ್ಲದ ತಿಂಗಳು ಅಂದ್ರ ಯಾರೋ ನಿದ್ದಿ ಬಿಟ್ಟ ತಿಂಗಳು ಇರಬಹುದು.

ಸಿಂದಗಿ_ಹುಡುಗಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ, ಫೌಜಿ ಕಾಕಾರಿಗೆ ವಿಶೇಷ. ಶೀರ್ಷಿಕೆಯಿಂದ ಅಂತರರಾಷ್ಟ್ರೀಯ ಅನ್ನೋದನ್ನ ತಗೀಬೇಕೇನು ಅಂತ ವಿಚಾರ ಮಾಡಾಕತ್ತೀನಿ. 1985ರ ಕನಿಷ್ಕ ವಿಮಾನ ನೋಡ್ರಿ, ಬಾಂಬ್ ಏರಿದ್ದು ಕೆನಡಾದಾಗ, ವಿಮಾನ ನಮ್ಮದು, ಬಿದ್ದಿದ್ದು ಐರ್ಲೆಂಡ್ ಹತ್ರ ಸಮುದ್ರದಾಗ, 329 ಜನ. ದೇಶವಾರು ಪಟ್ಟಿ ಮಾಡಿದ್ರ ಅವರನ್ನ ಯಾವ ದೇಶದ ಮುಂದ ಬರೀಲಿ? ಮಾಸ್ತರ್ರೆ, ಇನ್ನೊಂದು, 1993 ಇಲ್ಲಂದ್ರ 92ಕ್ಕೂ 94ಕ್ಕೂ ಗೆರಿ ಜೋಡಿಸಬಹುದೇನ್ರಿ?

ಲೆಕ್ಕದ_ಮಾಸ್ತರ_ಬಾಗಲಕೋಟಿ

ಜೋಡಿಸಬ್ಯಾಡವ್ವಾ. ಎಕ್ಸೆಲ್‌ನ್ಯಾಗ ಆ ಸೆಲ್ ಖಾಲಿ ಬಿಡು, ಸೊನ್ನಿ ಹಾಕಬ್ಯಾಡ, ಸೊನ್ನಿ ಅಂದ್ರ ಯಾರೂ ಸಾಯಲಿಲ್ಲ ಅಂತ ಆಗ್ತೈತಿ. ಗೆರಿ ಅಲ್ಲಿ ತುಂಡಾಗ್ಲಿ, ಕೆಳಗ ಮುಂಬೈ ಅಂತ ಬರಿ. 1998, 2008, 2012 ಮೂರು ಕಡೆ ಉದ್ದ ಗೆರಿ ಎಳದು ಎಣಸೋರು ಬದಲಾದ್ರು ಅಂತ ಹಾಕು. ಕನಿಷ್ಕಕ್ಕ ದೇಶದ ಕಾಲಂ ಬ್ಯಾಡ, ಸತ್ತವರ ಪೌರತ್ವ ಅಂತ ಬ್ಯಾರೆ ಕಾಲಂ ಮಾಡು, ಬಹುತೇಕ ಅವರು ಭಾರತ ಮೂಲದ ಕೆನಡಾದವರು. ಶುಕ್ರವಾರಕ್ಕ ಮುಂಚೆ ಶೀಟ್ ಕಳಿಸಿದ್ರ ನಾನೂ ಒಮ್ಮೆ ಕಣ್ಣಾಡಸ್ತೀನಿ.