ಮೊಣಕೈ ಮೇಲಿನ ಬಿಳಿ ಹೊಟ್ಟು: ಸೋರಿಯಾಸಿಸ್‌ಗೆ ಕಾರಣ ಬದನೆಕಾಯಿಯೋ, ನಾಗಬನವೋ, ಅಜ್ಜನೋ?

ತೋಟದಮನೆ:
ಗಣೇಶನ ಹಬ್ಬದ ವಾರ ಗಂಟಲು ನೋವು, ಜ್ವರ. ನಾಲ್ಕು ದಿನ ಮಲಗಿ ಎದ್ದೆ. ದಸರಾ ಹೊತ್ತಿಗೆ ಹೊಟ್ಟೆ, ಬೆನ್ನಿನ ಮೇಲೆಲ್ಲ ಮಳೆಹನಿ ಸಿಡಿದ ಹಾಗೆ ಕೆಂಪು ಚುಕ್ಕೆ. ಈಗ ಚುಕ್ಕೆಗಳು ಮಾಸುತ್ತಿವೆ. ಆದರೆ ಎರಡೂ ಮೊಣಕೈ ಮೇಲೆ ದಪ್ಪ ಕಲೆ ಕೂತಿದೆ, ಕೆರೆದರೆ ಬೆಳ್ಳಗೆ ಹೊಟ್ಟು ಉದುರುತ್ತದೆ. ಡಾಕ್ಟರು ಸೋರಿಯಾಸಿಸ್ ಎಂದರು. ಯಾಕೆ ಬಂತು ಅಂದರೆ "ಇಂಥದ್ದೇ ಅಂತ ಹೇಳೋಕಾಗಲ್ಲ" ಎಂದು ಮುಲಾಮು ಬರೆದುಕೊಟ್ಟರು. ಮನೆಯಲ್ಲಿ ಮಾತ್ರ ಎಲ್ಲರಿಗೂ ಗೊತ್ತು! ಅತ್ತೆಯ ಪ್ರಕಾರ ಬದನೆಕಾಯಿ ನಂಜು. ಚಿಕ್ಕಪ್ಪನ ಪ್ರಕಾರ, ಜೆಸಿಬಿ ತರಿಸಿ ಧರೆ ಕಡಿಸುವಾಗ ನಾಗಬನದ ಅಂಚು ಕಿತ್ತದ್ದು. ಹೆಂಡತಿಯ ಪ್ರಕಾರ ನನ್ನ ಸೊಸೈಟಿ ಲೆಕ್ಕದ ಟೆನ್ಷನ್. ಅಡಿಕೆ ಕೊಯ್ಲು ಶುರುವಾಗಿದೆ, ಅರ್ಧ ತೋಳಿನ ಅಂಗಿ ಹಾಕಿದರೆ ಕೆಲಸದವರು ಅಂಟುತ್ತದಾ ಅಂತ ಕೇಳುತ್ತಾರೆ. ನಿಜವಾದ ಕಾರಣ ಯಾವುದು?

ಕಡಲತಡಿ:
ನಿಮ್ಮ ಅತ್ತೆ ಹೇಳಿದ್ದು ಸರಿ ಮಾರಾಯ್ರೆ. ಬದನೆ, ಹಲಸು, ಒಣಮೀನು ಮೂರೂ ಬಿಡಿ. ನನ್ನ ತಮ್ಮ ಬಿಟ್ಟು ಎರಡೇ ತಿಂಗಳಲ್ಲಿ ಕಾಲಿನ ಕಲೆ ಹೋಯಿತು.

ಬಿಳಿಕೋಟು:
ಚರ್ಮರೋಗ ವಿಭಾಗದಲ್ಲಿ ಕೆಲಸ ಮಾಡುವವಳು ನಾನು. ಮೊದಲು ಕೆಲಸದವರಿಗೆ ಉತ್ತರ: ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಒಂದೇ ಟವೆಲ್‌ನಲ್ಲಿ ಒರೆಸಿಕೊಂಡರೂ ಇಲ್ಲ.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಗಂಟಲು ನೋವು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಕೆಟ್ಟು, ಎರಡು-ಮೂರು ವಾರದ ಮೇಲೆ ಹನಿಹನಿಯಾಗಿ ಚುಕ್ಕೆ ಏಳುವ ಒಂದು ಬಗೆ ಇದೆ, ಗಟೇಟ್ ಸೋರಿಯಾಸಿಸ್ ಅಂತ. ನಿಮ್ಮ ಲೆಕ್ಕ ಅದಕ್ಕೆ ಹತ್ತಿರವಿದೆ. ಆದರೆ ಗಂಟಲು ನೋವು ಊರಿಗೆಲ್ಲ ಬರುತ್ತದೆ, ಚುಕ್ಕೆ ಎಲ್ಲರಿಗೂ ಏಳುವುದಿಲ್ಲ. ಹಾಗಾಗಿ ಕಾರಣ ಬೇರೆ, ನೆಪ ಬೇರೆ ಅಂತ ನಾನು ಹೇಳುವುದು. ಗಂಟಲು ನೆಪ. ಸಾಮಾನ್ಯವಾಗಿ ಚರ್ಮದ ಕೋಶ ಹುಟ್ಟಿ ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು, ಈ ರೋಗದಲ್ಲಿ ನಾಲ್ಕೈದು ದಿನಕ್ಕೇ ಮುಗಿಯುತ್ತದೆ. ಹಣ್ಣಾಗದ ಕೋಶಗಳು ಒಂದರ ಮೇಲೊಂದು ಒಟ್ಟಾದದ್ದೇ ಆ ಹೊಟ್ಟು. ಹಾಗೆ ಓಡಿಸುವುದು ನಮ್ಮದೇ ರೋಗನಿರೋಧಕ ಪಡೆಯ ಟಿ-ಕೋಶಗಳು.

ಧಾರವಾಡದ ಮಳಿ:
ಮೇಡಂ, ಮೂಲದಾಗ ಅದು ಜೀನ್ ಅಂತೀರಿ ಕಡೀಕ. ನಮ್ಮ ಮನ್ಯಾಗ ಅಪ್ಪ, ಅವ್ವ, ಅಜ್ಜ ಯಾರಿಗೂ ಈ ಬ್ಯಾನಿ ಇಲ್ರಿ. ಹಂಗಂದ್ರ ನನಗ ಎಲ್ಲಿಂದ ಬಂತು? ನಂದು ಕಥಿ ಕೇಳ್ರಿ. ಒಬ್ಬರು ಪುಡಿ ಕೊಟ್ರು, ಹದಿನೈದು ದಿನದಾಗ ಮೈ ಲಕಲಕ ಅಂತು. ದೇವ್ರು ಅಂತ ಕೈ ಮುಗದೆ. ರೊಕ್ಕ ಆಗವಲ್ತು ಅಂತ ಪುಡಿ ಬಿಟ್ಟೆ ನೋಡ್ರಿ, ವಾರದಾಗ ನೆತ್ತಿಯಿಂದ ಅಂಗಾಲ ತನಕ ಕೆಂಪ. ಚಳಿ ಹತ್ತಿ ನಡುಗಿ, ಹನ್ನೊಂದು ದಿನ ದವಾಖಾನಿ. ಪುಡ್ಯಾಗ ಸ್ಟೀರಾಯ್ಡ್ ಇದ್ದಿರಬೇಕು ಅಂದ್ರು ಅಲ್ಲೆ. ಅದು ನೆಪಾನೋ ಕಾರಣಾನೋ?

ಬಿಳಿಕೋಟು:
ನೆಪವೇ, ಆದರೆ ಭಾರೀ ನೆಪ. ಸ್ಟೀರಾಯ್ಡ್ ಹೊಟ್ಟೆಗೆ ತೆಗೆದುಕೊಂಡು ಥಟ್ಟನೆ ಬಿಟ್ಟರೆ ಹಾಗೆ ಮೈಯೆಲ್ಲ ಕೆಂಡವಾಗುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಮನೋರೋಗಕ್ಕೆ ಕೊಡುವ ಲಿಥಿಯಂ, ಕೆಲವು ಬಿಪಿ ಮಾತ್ರೆ (ಬೀಟಾ ಬ್ಲಾಕರ್), ಮಲೇರಿಯಾಕ್ಕೆ ಕೊಡುವ ಕ್ಲೋರೊಕ್ವಿನ್ ಕೂಡ ಕೆರಳಿಸುತ್ತವೆ. ಹಾಗಂತ ಓದಿದ್ದೇ ನಾಳೆ ಬಿಪಿ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಜೀನ್ ವಿಷಯ: ಆರನೇ ವರ್ಣತಂತುವಿನ ಮೇಲಿನ ಎಚ್‌ಎಲ್‌ಎ-ಸಿಡಬ್ಲ್ಯು6 ಎಂಬ ಜೀನ್ ಮುಖ್ಯವಾದದ್ದು, ಅದರ ಜೊತೆಗೆ ಇನ್ನೂ ಹತ್ತಾರು. ಅದಿದ್ದವರಲ್ಲೂ ಹೆಚ್ಚಿನವರಿಗೆ ರೋಗ ಬರುವುದೇ ಇಲ್ಲ. ಅಪ್ಪ-ಅಮ್ಮನಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಂಭವ ಶೇ. 14ರಷ್ಟು, ಇಬ್ಬರಿಗೂ ಇದ್ದರೆ ಶೇ. 41ರಷ್ಟು ಅಂತ ಪಠ್ಯಗಳಲ್ಲಿ ಓದುತ್ತೇವೆ. ಇನ್ನು "ಮನೆಯಲ್ಲಿ ಯಾರಿಗೂ ಇಲ್ಲ" ಎಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹಿಂದೆ ಇದನ್ನು ಹುಳುಕಡ್ಡಿ, ಇಸುಬು ಅಂತ ಏನೇನೋ ಕರೆದಿದ್ದಾರೆ. ಹೆಣ್ಣು-ಗಂಡು ನೋಡುವ ಮನೆಯಲ್ಲಿ ಯಾರು ಬಾಯಿ ಬಿಡುತ್ತಾರೆ?

ಬಿಎಎಂಎಸ್ ಬೆಂಚು:
ಮೇಡಂ, ನಮ್ಮ ಆಯುರ್ವೇದದಲ್ಲಿ ಇದು ಹೊಸದಲ್ಲ. ಚರಕ ಹದಿನೆಂಟು ಕುಷ್ಠ (ಅಂದರೆ ಚರ್ಮರೋಗ) ಹೇಳುವಾಗ ಏಕಕುಷ್ಠಕ್ಕೆ ಕೊಡುವ ಲಕ್ಷಣವೇ ಬೆವರದ, ಅಗಲವಾದ, ಮೀನಿನ ಪೊರೆಯಂಥ ಚರ್ಮ. ಕಾರಣವಾಗಿ ವಿರುದ್ಧಾಹಾರ ಹೇಳಿದ್ದಾರೆ, ಹಾಲಿನ ಜೊತೆ ಮೀನು ಇತ್ಯಾದಿ. ನೀವು ಟಿ-ಕೋಶ ಅಂದದ್ದೂ ಒಂದು ಹಂತದ ಉತ್ತರವೇ. ಟಿ-ಕೋಶ ಯಾಕೆ ದಾರಿ ತಪ್ಪಿತು ಎಂದರೆ ನೀವೂ ನೆಪಗಳ ಪಟ್ಟಿಯನ್ನೇ ಕೊಡುತ್ತೀರಿ.

ಬಿಳಿಕೋಟು:
ಕೊನೆಯ ಮಾತು ಒಪ್ಪಿದೆ. ಆದರೆ ಟಿ-ಕೋಶ ಎಂದದ್ದು ಊಹೆಯಲ್ಲ. ಸೈಕ್ಲೊಸ್ಪೊರಿನ್ ಎಂಬ ಔಷಧ ಟಿ-ಕೋಶಗಳನ್ನು ತಗ್ಗಿಸುವಂಥದ್ದು. ಕೀಲುವಾತಕ್ಕೆ ಅದನ್ನು ಕೊಟ್ಟು ನೋಡುತ್ತಿದ್ದಾಗ ಕೆಲವರ ಸೋರಿಯಾಸಿಸ್ ತಾನಾಗಿ ಇಳಿಯಿತು, 1979ರಲ್ಲಿ ಅದು ಪ್ರಕಟವಾಯಿತು. ಅಲ್ಲಿಯ ತನಕ ಇದು ಬರೀ ಚರ್ಮದ ಮೇಲ್ಪದರದ ಗಡಿಬಿಡಿ ಅಂತಲೇ ನಾವು ತಿಳಿದಿದ್ದದ್ದು. ಬೆಂಗಳೂರಿನ ಬಯೋಕಾನ್ 2013ರಲ್ಲಿ ತಂದ ಇಟೊಲಿಜುಮಾಬ್ ಎಂಬ ಸೋರಿಯಾಸಿಸ್ ಔಷಧ ಹಿಡಿಯುವುದೂ ಟಿ-ಕೋಶದ ಮೇಲಿನ ಒಂದು ಗುರುತನ್ನೇ. ಇನ್ನು ಕುಷ್ಠದ ಗೊಂದಲ ಯೂರೋಪಿನಲ್ಲೂ ಇತ್ತು. 1841ರಲ್ಲಿ ವಿಯೆನ್ನಾದ ಚರ್ಮವೈದ್ಯ ಹೆಬ್ರಾ ಸೋರಿಯಾಸಿಸ್, ಕುಷ್ಠರೋಗ ಎರಡನ್ನೂ ಬಿಡಿಸಿ ಹೇಳುವ ತನಕ ಎಷ್ಟು ಜನರನ್ನು ಕುಷ್ಠರೋಗಿಗಳೆಂದು ದೂರ ಇಟ್ಟರೋ.

ಬಿಎಎಂಎಸ್ ಬೆಂಚು:
ಹಾಗಾದರೆ ಬಾವಂಚಿ ಬೀಜ? ಅದರಲ್ಲಿರುವ ಸೋರಾಲೆನ್ ಗುಂಪಿನ ಔಷಧ ಕೊಟ್ಟು, ಮೇಲೆ ಯುವಿಎ ಎಂಬ ನೇರಳಾತೀತ ಬೆಳಕು ಬಿಟ್ಟು, 1974ರಲ್ಲಿ ಅಮೆರಿಕದವರು ಪೂವಾ ಚಿಕಿತ್ಸೆ ಅಂದರು.

ಬಿಳಿಕೋಟು:
ನಿಜ. ಆದರೆ ಅದು ಚಿಕಿತ್ಸೆಯ ಮಾತು, ಕಾರಣದ್ದಲ್ಲ. ಯಾರೂ ಮನೆಯಲ್ಲಿ ಬಾವಂಚಿ ಹಚ್ಚಿಕೊಂಡು ಬಿಸಿಲಿಗೆ ಕೂರಬೇಡಿ, ಬೊಬ್ಬೆ ಏಳುತ್ತದೆ.

ಹಿಮದೂರಿನ ಕನ್ನಡಿಗ:
ನಾನು ಮಿನ್ನೆಸೋಟದಲ್ಲಿದ್ದೇನೆ. ಇಲ್ಲಿ ಡಿಸೆಂಬರ್ ಬಂತೆಂದರೆ ತಲೆಯಿಂದ ಹಿಡಿದು ಹೊಟ್ಟು, ಊರಿಗೆ ಬಂದು ಬಿಸಿಲಲ್ಲಿ ತಿಂಗಳಿದ್ದರೆ ಅರ್ಧ ವಾಸಿ. ಡಾಕ್ಟರ್ ಸ್ಟ್ರೆಸ್ ಅಂದರು. ಯಾರಿಗಿಲ್ಲ ಸ್ಟ್ರೆಸ್? ಕಾರಣ ಗೊತ್ತಿಲ್ಲದಿದ್ದಾಗ ಹೇಳುವ ಮಾತು ಅದು ಅಂತ ನನ್ನ ಅನುಮಾನ. ನನಗೆ ನಾಟಿದ್ದು ತೂಕದ ಲೆಕ್ಕ. ನಾರ್ವೆ, ಬ್ರಿಟನ್ ಜನರ ಜೀನ್ ಮಾಹಿತಿ ಹಿಡಿದು ನೋಡಿದಾಗ, ಬೊಜ್ಜು ಬರೀ ಜೊತೆಗಾರನಲ್ಲ, ಸೋರಿಯಾಸಿಸ್‌ಗೆ ಕಾರಣಗಳಲ್ಲಿ ಒಂದು ಅಂತ ಕಂಡಿದೆ. ಹನ್ನೆರಡು ಕಿಲೊ ಇಳಿಸಿದೆ, ಮುಲಾಮು ಕಡಿಮೆಯಾಯಿತು.

ಕಡಲತಡಿ:
ಅಂದರೆ ಊಟಕ್ಕೂ ಚರ್ಮಕ್ಕೂ ಸಂಬಂಧ ಉಂಟಲ್ಲ! ಅದನ್ನೇ ನಾನು ಹೇಳಿದ್ದು.

ಬಿಳಿಕೋಟು:
ಎಷ್ಟು ತಿನ್ನುತ್ತೀರಿ ಎಂಬುದಕ್ಕೆ ಆಧಾರವಿದೆ, ಕುಡಿತ-ಸಿಗರೇಟಿಗೂ ಇದೆ. ಬದನೆಗೆ ಇಲ್ಲ. ನಿಮ್ಮ ತಮ್ಮ ಬದನೆ ಬಿಟ್ಟದ್ದು ಯಾವ ತಿಂಗಳು?

ಕಡಲತಡಿ:
ಶಿವರಾತ್ರಿ ಹೊತ್ತಿಗೆ.

ಬಿಳಿಕೋಟು:
ವಾಸಿಯಾದದ್ದು ಯುಗಾದಿ ಕಳೆದು. ನಡುವೆ ಬಿಸಿಲು ಏರಿತು. ಈ ರೋಗ ತಾನೇ ಏಳುತ್ತದೆ, ತಾನೇ ಇಳಿಯುತ್ತದೆ. ಹನಿಹನಿ ಬಗೆಯಂತೂ ಎಷ್ಟೋ ಜನರಲ್ಲಿ ಮೂರು-ನಾಲ್ಕು ತಿಂಗಳಲ್ಲಿ ಹೋಗಿಬಿಡುತ್ತದೆ. ಆಗ ಕೈಯಲ್ಲಿ ಯಾವ ಔಷಧಿ ಇತ್ತೋ ಅದಕ್ಕೆ ಹೆಸರು.

ಕಡಲತಡಿ:
ನೀವು ಏನೇ ಹೇಳಿ, ಅವನು ಹಲಸಿನ ಹಪ್ಪಳ ತಿಂದ ಮರುದಿನ ತುರಿಕೆ ಶುರು. ಅವನ ಮೈ ಅವನಿಗೆ ಗೊತ್ತಿಲ್ವಾ?

ಬಿಳಿಕೋಟು:
ಹಪ್ಪಳ ಬಿಡಲಿ ಬಿಡಿ, ನಷ್ಟವಿಲ್ಲ. ಊಟವೇ ಬಿಟ್ಟು ಸೊರಗುವವರನ್ನು ನೋಡಿ ಹೇಳಿದೆ ಅಷ್ಟೆ.

ತುಂಗಾತೀರ:
ನಾಗಬನದ ಮಾತು ಯಾರೂ ಎತ್ತಲಿಲ್ಲ. ನಮ್ಮಕ್ಕನಿಗೆ ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿದ ಮೇಲೆ ಹೋಯಿತು. ಮೇಡಂ ಅದನ್ನೂ ಬಿಸಿಲಿನ ಲೆಕ್ಕಕ್ಕೆ ಹಾಕುತ್ತಾರೇನೋ.

ಧಾರವಾಡದ ಮಳಿ:
ಹರಕಿ ಹೊತ್ರ ಬರೇ ರೊಕ್ಕ ಹೋಗ್ತದ್ರಿ. ನನ್ನಂಗ ಪುಡಿ ನುಂಗಿದ್ರ ತೊಗಲ ಹೋಗ್ತದ.

ತೋಟದಮನೆ:
ಎಲ್ಲ ಓದಿದೆ. ಇನ್ನೊಂದು ಕೇಳುವುದಿತ್ತು. ಕಳೆದ ತಿಂಗಳು ಮುಂಗೈ ಮೇಲೆ ಕತ್ತಿ ತರಚಿತ್ತು. ಆ ಗೆರೆಯುದ್ದಕ್ಕೂ ಈಗ ಅದೇ ಕಲೆ ಎದ್ದಿದೆ, ಅಡ್ಡಗೆರೆ ಎಳೆದ ಹಾಗೆ.

ಬಿಳಿಕೋಟು:
ಅದಕ್ಕೆ ಕೋಬ್ನರ್ ಅಂತ ಹೆಸರು. ರೋಗ ಚುರುಕಾಗಿದ್ದಾಗ ಗೀರು, ಸುಟ್ಟಗಾಯ, ಬಿಗಿ ಬೆಲ್ಟು, ಉಜ್ಜಿದಲ್ಲೆಲ್ಲ ಹೊಸ ಕಲೆ. ಮೊಣಕೈ ಹೊಟ್ಟನ್ನು ಕಲ್ಲಿನಲ್ಲಿ ತಿಕ್ಕಬೇಡಿ, ಎಣ್ಣೆ ಹಚ್ಚಿ ಮೆತ್ತಗೆ ಮಾಡಿ. ಕೀಲು ಹಿಡಿದರೆ, ಉಗುರಲ್ಲಿ ಸೂಜಿ ಚುಚ್ಚಿದಂಥ ಗುಳಿ ಕಂಡರೆ ತಡ ಮಾಡದೆ ತೋರಿಸಿ. ಹಾಗೇ ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.

ತೋಟದಮನೆ:
ಕೇಳಿದೆ. ಮೊದಲು ಅಮ್ಮ "ನಮ್ಮಲ್ಲಿ ಯಾರಿಗೂ ಇಲ್ಲ" ಅಂದರು. ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಬಂದು, ನಿಂತುಕೊಂಡೇ, "ನಿನ್ನ ಅಜ್ಜಯ್ಯನಿಗೆ ಮೊಣಕೈಲಿ ಹುಳುಕಡ್ಡಿ ಇತ್ತು" ಅಂದರು. ಎಷ್ಟು ದಿನ ಇತ್ತಮ್ಮ ಅಂದೆ. "ಸಾಯೋ ತನಕ." ಅಜ್ಜಯ್ಯ ಬೇಸಗೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದುದು ನನಗೆ ನೆನಪಿದೆ, ಶಿಸ್ತು ಅಂದುಕೊಂಡಿದ್ದೆ. ಚಿಕ್ಕಮ್ಮನ ಮದುವೆ ಮಾತುಕತೆಯ ದಿನ ಅವರನ್ನು ತೋಟಕ್ಕೆ ಕಳಿಸಿದ್ದರಂತೆ.

ಚಿಕ್ಕಪ್ಪ ನಾಗಬನದ ಪೂಜೆ ಮಾಡಿಸುತ್ತಾರಂತೆ. ಕಿತ್ತದ್ದಂತೂ ನಿಜ, ಬೇಡ ಅನ್ನಲಿಲ್ಲ. ಬದನೆಕಾಯಿ ಎಣ್ಣೆಗಾಯಿ ಮಾತ್ರ ಇವತ್ತು ಮಧ್ಯಾಹ್ನ ಎರಡು ಸಲ ಹಾಕಿಸಿಕೊಂಡೆ.

ಕಡಲತಡಿ:
ಎಂಟು ದಿನ ಬಿಟ್ಟು ಮೊಣಕೈ ಫೋಟೊ ಹಾಕಿ. ನೋಡುವ.