‘ಮಡಿದ ಪ್ರೋಟೀನ್’: ಮಡಚಿಕೊಂಡದ್ದೋ, ಸತ್ತದ್ದೋ?

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತೇನೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆಳಂದ, ಅಫಜಲಪುರ, ಚಿಂಚೋಳಿ ಕಡೆಯವರು, ಹತ್ತನೆಯ ತರಗತಿವರೆಗೆ ಕನ್ನಡದಲ್ಲೇ ಓದಿದವರು. ಪ್ರೋಟೀನಿನ ರಚನೆಯನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದನ್ನು ಈ ಸಲ ಬಿಟ್ಟು, ಅವರನ್ನು ಕಂಪ್ಯೂಟರ್ ಲ್ಯಾಬಿಗೆ ಕರೆದುಕೊಂಡು ಹೋದೆ. ಅಣುಗಳ ರಚನೆಯನ್ನು ತೋರಿಸುವ ಪೈಮಾಲ್ ತಂತ್ರಾಂಶದಲ್ಲಿ ಮನುಷ್ಯರ ಹಿಮೊಗ್ಲೋಬಿನ್ ತೆರೆದೆವು. ಪ್ರೋಟೀನ್ ರಚನೆಗಳನ್ನು ಕೂಡಿಟ್ಟಿರುವ ಪಿಡಿಬಿ ಭಂಡಾರದಲ್ಲಿ ಅದರ ಗುರುತು 4ಎಚ್‌ಎಚ್‌ಬಿ. ಕಂಪ್ಯೂಟರ್ ಸಿಗದವರು ಮೊಬೈಲಿನಲ್ಲೇ ಇಂಥದ್ದೇ ತಂತ್ರಾಂಶವಾದ ಮೋಲ್‌ಸ್ಟಾರ್ ತೆರೆದು ಬೆರಳಿನಿಂದ ತಿರುಗಿಸಿ ನೋಡಿದರು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದ ಸರಪಳಿ. ಅದು ಮಡಚಿಕೊಂಡು ಒಂದು ಆಕಾರಕ್ಕೆ ಬರುವುದನ್ನು ಇಂಗ್ಲಿಷಿನಲ್ಲಿ ‘ಫೋಲ್ಡ್’ ಆಗುವುದು ಎನ್ನುತ್ತಾರೆ. ಲ್ಯಾಬಿನ ಹಾಳೆಯನ್ನು ನಾನೇ ಕನ್ನಡದಲ್ಲಿ ಬರೆದಿದ್ದೆ. ಅದರಲ್ಲೊಂದು ವಾಕ್ಯ: ‘ಪರದೆಯ ಮೇಲೆ ಇರುವುದು ಮಡಿದ ಪ್ರೋಟೀನ್.’

ಒಬ್ಬ ಹುಡುಗಿ ಎದ್ದು ಕೇಳಿದಳು: ‘ಮೇಡಂ, ಮಡಿದದ್ದು ಅಂದ್ರ ಸತ್ತದ್ದು ಅಲ್ಲೇನ್ರಿ? ಇದು ಸತ್ತ ಮ್ಯಾಲಿನ ಆಕಾರ ಏನ್ರಿ?’

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ನಿಘಂಟಿನಲ್ಲಿ ‘ಮಡಿ’ಗೆ ಬಾಗು, ಮಡಚು ಎಂಬ ಅರ್ಥವೂ ಇದೆ, ಸಾಯು ಎಂಬ ಅರ್ಥವೂ ಇದೆ. ಆದರೆ ಇವತ್ತು ‘ಮಡಿದ’ ಎಂದು ಓದಿದರೆ ಯುದ್ಧದಲ್ಲಿ ಮಡಿದವರೇ ನೆನಪಾಗುತ್ತಾರೆ. ಪ್ರೋಟೀನಿನ ವಿಷಯದಲ್ಲಂತೂ ಅರ್ಥ ಪೂರ್ತಿ ತಿರುಗುಮುರುಗಾಗುತ್ತದೆ. ಹಿಮೊಗ್ಲೋಬಿನ್ ಆಮ್ಲಜನಕ ಹೊರುವುದು ಹಾಗೆ ಮಡಚಿಕೊಂಡಿದ್ದಾಗ ಮಾತ್ರ. ಬಿಚ್ಚಿಕೊಂಡರೆ ಅದರ ಕೆಲಸ ಮುಗಿಯಿತು.

ಹಾಗಾದರೆ ‘ಮಡಿಸಿದ ಪ್ರೋಟೀನ್’ ಎನ್ನೋಣವೇ? ಪತ್ರಿಕೆಗಳಲ್ಲಿ ಹೀಗೂ ಬರೆಯುವುದುಂಟು. ನನಗೆ ಒಪ್ಪಿಗೆಯಾಗುತ್ತಿಲ್ಲ. ಮಡಿಸಿದ ಎಂದೊಡನೆ, ಯಾರು ಮಡಿಸಿದರು ಎಂಬ ಪ್ರಶ್ನೆ ಬರುತ್ತದೆ. ಕ್ರಿಶ್ಚಿಯನ್ ಆನ್ಫಿನ್ಸನ್ ಅವರಿಗೆ 1972ರಲ್ಲಿ ನೊಬೆಲ್ ಬಂದದ್ದು ಇದೇ ಪ್ರಶ್ನೆಗೆ ಸಂಬಂಧಿಸಿದ ಕೆಲಸಕ್ಕೆ. 124 ಅಮೈನೋ ಆಮ್ಲಗಳ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ಯೂರಿಯಾ ಮುಂತಾದವುಗಳಿಂದ ಪೂರ್ತಿ ಬಿಚ್ಚಿ, ಆಮೇಲೆ ಅವನ್ನು ತೆಗೆದುಹಾಕಿದರೆ, ಸರಪಳಿ ತಾನಾಗಿಯೇ ಮೊದಲಿನ ಆಕಾರಕ್ಕೆ ಬಂದು ಮತ್ತೆ ಕೆಲಸ ಶುರುಮಾಡಿತು. ಹೊರಗಿನ ಕೈ ಬೇಕಾಗಲಿಲ್ಲ. ಆದ್ದರಿಂದ ಇಲ್ಲಿ ಅಕರ್ಮಕ ಕ್ರಿಯಾಪದವೇ ಬೇಕು. ಇದು ಬರೀ ವ್ಯಾಕರಣದ ಹಟವಲ್ಲ, ವಿಷಯವೇ ಹಾಗಿದೆ. ಜೀವಕೋಶದಲ್ಲಿ ಕೆಲವು ಪ್ರೋಟೀನುಗಳಿಗೆ ಚಾಪೆರೋನ್ ಎಂಬ ಬೇರೆ ಪ್ರೋಟೀನುಗಳ ನೆರವು ಬೇಕಾಗುತ್ತದೆ. ‘ಮಡಿಸು’ ಎಂಬುದನ್ನು ಆ ಪಾಠಕ್ಕೆ ಉಳಿಸಿಕೊಳ್ಳುವ ಆಸೆ ನನಗೆ.

‘ಮುದುಡು’, ‘ಮುದುರು’ ಕೂಡ ಯೋಚಿಸಿದೆ. ಮುಟ್ಟಿದರೆ ಮುನಿ ತಾನಾಗಿ ಮುದುಡುತ್ತದೆ, ಅಲ್ಲಿಗೆ ಅಕರ್ಮಕದ ಗುಣ ಬಂತು. ಆದರೆ ಕಾಗದವನ್ನು ಹತ್ತು ಸಲ ಮುದುರಿದರೆ ಹತ್ತು ಆಕಾರ. ಹಿಮೊಗ್ಲೋಬಿನ್ ಹಾಗಲ್ಲ. ಅದರ ನಾಲ್ಕು ಸರಪಳಿಗಳಲ್ಲಿ ಎರಡಕ್ಕೆ ಬೀಟಾ ಎಂದು ಹೆಸರು, ಅಂಥ ಒಂದೊಂದರಲ್ಲೂ 146 ಅಮೈನೋ ಆಮ್ಲಗಳಿವೆ. ಪೈಮಾಲ್‌ನಲ್ಲಿ ಸರಪಳಿಗೆ ತಲೆಯಿಂದ ಬಾಲದವರೆಗೆ ನೀಲಿಯಿಂದ ಕೆಂಪಿನವರೆಗಿನ ಬಣ್ಣ ಕೊಟ್ಟು, 63ನೆಯ ಮತ್ತು 92ನೆಯ ಅಮೈನೋ ಆಮ್ಲಗಳಾದ ಹಿಸ್ಟಿಡಿನ್‌ಗಳನ್ನು ಹುಡುಕಿ ಎಂದೆ. ಸಾಲಿನಲ್ಲಿ ಅಷ್ಟು ದೂರವಿದ್ದ ಎರಡೂ ಒಂದೇ ಕಬ್ಬಿಣದ ಪರಮಾಣುವಿನ ಆಚೆಗೊಂದು ಈಚೆಗೊಂದು ಕೂತಿದ್ದವು. ಪ್ರತಿಯೊಂದು ಬೀಟಾ ಸರಪಳಿಯಲ್ಲೂ ಅಲ್ಲೇ. ಇಷ್ಟು ಕರಾರುವಾಕ್ಕಾದದ್ದನ್ನು ಮುದುಡಿತು ಎನ್ನಲು ಮನಸ್ಸು ಬರುವುದಿಲ್ಲ.

ಹೀಗಾಗಿ ಸದ್ಯಕ್ಕೆ ‘ಮಡಚಿಕೊಳ್ಳು’, ಅದರ ಎದುರು ‘ಬಿಚ್ಚಿಕೊಳ್ಳು’ ಎಂದು ಬರೆಯುತ್ತಿದ್ದೇನೆ. ಮೊಟ್ಟೆ ಬೇಯಿಸಿದಾಗ ಪ್ರೋಟೀನ್ ಬಿಚ್ಚಿಕೊಂಡು ಒಂದಕ್ಕೊಂದು ಸಿಕ್ಕಾಗುತ್ತದೆ ಎಂದರೆ ಯಾರೂ ಮತ್ತೆ ಕೇಳಲಿಲ್ಲ. ಕೆಲವು ಪ್ರೋಟೀನುಗಳಲ್ಲಿ ಸರಪಳಿಯ ಎಳೆಗಳು ಅಕ್ಕಪಕ್ಕ ಸೇರಿ ಆಗುವ ‘ಬೀಟಾ ಹಾಳೆ’ಗೆ ಪದ ಹುಡುಕುವ ಕೆಲಸವೇ ಬೀಳಲಿಲ್ಲ. ಹಿಮೊಗ್ಲೋಬಿನ್‌ನಲ್ಲಿ ಅದು ಇಲ್ಲ, ಬೇರೊಂದು ಪ್ರೋಟೀನ್ ತೆರೆದು, ರಿಬ್ಬನ್ ಚಿತ್ರ ಬಿಟ್ಟು ಕಡ್ಡಿ ಚಿತ್ರ ಹಾಕಿ ಪಕ್ಕದಿಂದ ತೋರಿಸಿದಾಗ ಹುಡುಗಿಯರೇ ‘ಸೀರಿ ನಿರಿಗಿ’ ಎಂದರು. ‘ನಿರಿಗೆ ಹಾಳೆ’ ಎಂದು ಲ್ಯಾಬಿನ ಹಾಳೆಯಲ್ಲಿ ಸೇರಿಸಿಬಿಟ್ಟೆ.

ಉಳಿದಿರುವ ತೊಡಕು ನಾಮಪದದ್ದು. ಮಡಚಿಕೊಳ್ಳುವ ಕ್ರಿಯೆ ಒಂದು, ಮಡಚಿಕೊಂಡ ಮೇಲೆ ನಿಲ್ಲುವ ಆಕಾರದ ಮಾದರಿ ಇನ್ನೊಂದು. ಇಂಗ್ಲಿಷಿನಲ್ಲಿ ಮೊದಲನೆಯದು ‘ಫೋಲ್ಡಿಂಗ್’, ಎರಡನೆಯದು ‘ಫೋಲ್ಡ್’. ‘ಮಡಿಕೆ’ ನಮ್ಮಲ್ಲಿ ನಡೆಯದು, ಇಲ್ಲಿನ ಕಿವಿಗೆ ಅದು ಅಡುಗೆಯ ಮಡಕಿ, ಇಲ್ಲವೇ ಮಡಕಿ ಕಾಳು. ಕಾಳಿನಲ್ಲೂ ಪ್ರೋಟೀನ್ ಇರುವುದರಿಂದ ‘ಪ್ರೋಟೀನ್ ಮಡಿಕೆ’ ಎಂದರೆ ತಪ್ಪು ತಿಳಿಯಲು ದಾರಿ ಇನ್ನೂ ಸಲೀಸು.

ಆಕಾರದ ಮಾದರಿಗೆ ನನಗೆ ಹೊಳೆದದ್ದು ‘ಮೈಕಟ್ಟು’. ಅದಕ್ಕೆ ಕಾರಣವಾದದ್ದು ತೊಗರಿ. ತೊಗರಿ ಗಿಡ ಕಿತ್ತಾಗ ಬೇರಿನ ಗಂಟನ್ನು ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದಲ್ಲ, ಅದು ಲೆಗ್‌ಹಿಮೊಗ್ಲೋಬಿನ್ ಎಂಬ ಪ್ರೋಟೀನಿನ ಬಣ್ಣ. ಲೂಪಿನ್ ಎಂಬ ದ್ವಿದಳ ಗಿಡದ ಲೆಗ್‌ಹಿಮೊಗ್ಲೋಬಿನ್ ರಚನೆ ಪಿಡಿಬಿಯಲ್ಲಿದೆ. ಅದನ್ನು ಮನುಷ್ಯರ ಬೀಟಾ ಸರಪಳಿಯ ಮೇಲೆ ಕೂರಿಸಿ ತೋರಿಸಿದೆ. ಅಮೈನೋ ಆಮ್ಲಗಳ ಸಾಲು ಬಹಳಷ್ಟು ಬೇರೆ, ಆದರೂ ಸುರುಳಿಯ ಮೇಲೆ ಸುರುಳಿ ಹೊಂದಿಕೊಂಡು ಕೂತವು. ‘ಮಾರಿ ಬ್ಯಾರೆ ಇದ್ರೂ ಮೈಕಟ್ಟು ಮುತ್ಯಾಂದೇ ಅದ’ ಎಂದು ಒಬ್ಬ ಹುಡುಗ ಅಂದ (ಮಾರಿ ಎಂದರೆ ಮುಖ, ಮುತ್ಯಾ ಎಂದರೆ ಅಜ್ಜ). ಅಲ್ಲಿಂದ ಈ ಬಗೆಯ ಪ್ರೋಟೀನುಗಳ ಆಕಾರಕ್ಕೆ ನನ್ನ ಬಾಯಲ್ಲಿ ‘ಗ್ಲೋಬಿನ್ ಮೈಕಟ್ಟು’ ಎಂದೇ ಬರುತ್ತಿದೆ.

ಬಲ್ಲವರಲ್ಲಿ ಕೇಳಿಕೊಳ್ಳುವುದು ಎರಡು ಮಾತು. ‘ಮೈಕಟ್ಟು’ ಜೀವವಿಲ್ಲದ ಅಣುವಿಗೆ ಒಗ್ಗೀತೇ, ಅಥವಾ ಬರೀ ‘ಕಟ್ಟು’ ಸಾಕೇ? ಮತ್ತು ‘ಮಡಚಿಕೊಳ್ಳು’ವಿಗಿಂತ ಚಿಕ್ಕದಾದ, ತಾನಾಗಿ ಕ್ರಮವಾಗಿ ಮಡಚುವುದನ್ನು ಹೇಳುವ ಕ್ರಿಯಾಪದ ನಿಮ್ಮ ಕಡೆ ಮನೆಮಾತಿನಲ್ಲಿ ಇದೆಯೇ? ನೇಕಾರರು, ಬುಟ್ಟಿ ಹೆಣೆಯುವವರು, ಹೊಲದಲ್ಲಿ ದುಡಿಯುವವರು ಬಳಸುವ ಮಾತಾದರೂ ಆಗಬಹುದು. ಎಲ್ಲಿ, ಯಾವುದಕ್ಕೆ ಬಳಸುತ್ತಾರೆ ಎಂಬುದನ್ನೂ ಜೊತೆಗೆ ಬರೆಯಿರಿ. ಲ್ಯಾಬಿನ ಹಾಳೆಯನ್ನು ಮುಂದಿನ ಸೆಮಿಸ್ಟರಿಗೆ ಮತ್ತೆ ಅಚ್ಚು ಹಾಕಿಸಬೇಕಿದೆ.