ಪದಚರ್ಚೆ: ಕಸದ ಗುತ್ತಿಗೆಯಲ್ಲಿ ‘ವಿಲೇವಾರಿ’ ಎಂದರೆ ಎಲ್ಲಿಯವರೆಗೆ?

ಬಳಗದ ಎಲ್ಲರಿಗೂ ಕೊಡಗಿನಿಂದ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಪದ ‘ವಿಲೇವಾರಿ’. ಕಸ ವಿಲೇವಾರಿ ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ, ನಾವೂ ಹೇಳುತ್ತೇವೆ. ಆದರೆ ಅದು ಯಾವ ಕೆಲಸದ ಹೆಸರು? ಮನೆ ಬಾಗಿಲಿನಿಂದ ಕಸ ಎತ್ತುವುದೋ? ಗಾಡಿಯಲ್ಲಿ ಊರಾಚೆಗೆ ಒಯ್ಯುವುದೋ? ಅಲ್ಲಿ ಬೇರ್ಪಡಿಸಿ ಗೊಬ್ಬರ ಮಾಡುವುದೋ? ಅಥವಾ ಏನೂ ಮಾಡಲಾಗದ್ದನ್ನು ಕೊನೆಗೆ ನೆಲದಲ್ಲಿ ಹೂಳುವುದೋ?

ಕೇಳಲು ಕಾರಣ ಇದೆ. ಸ್ಥಳೀಯ ಸಂಸ್ಥೆಯೊಂದು ತನ್ನ ಕಸದ ಗುತ್ತಿಗೆದಾರರ ಕೆಲಸವನ್ನು ಹೇಗೆ ನೋಡಬೇಕು, ಜನ ಏನು ಕೇಳಬೇಕು ಅಂತ ನಮ್ಮ ಬಡಾವಣೆಯವರು ಸೇರಿ ಒಂದು ಕರಪತ್ರ ಬರೆಯುತ್ತಿದ್ದೇವೆ. ಭಾಷೆ ನೋಡಿಕೊಳ್ಳುವ ಕೆಲಸ ನನಗೆ ಬಂದಿದೆ. ಟೆಂಡರ್ ಷರತ್ತು, ಸಾಮಾನ್ಯ ಸಭೆಯ ನಡಾವಳಿ, ತಿಂಗಳ ವರದಿ ಎಲ್ಲವನ್ನೂ ಮಾಹಿತಿ ಹಕ್ಕಿನಲ್ಲಿ ತೆಗೆದುಕೊಂಡಿದ್ದೇವೆ. ಓದುತ್ತಾ ಹೋದಂತೆ ಈ ಒಂದು ಪದ ಎಲ್ಲ ಕಡೆ ಕಾಲಿಗೆ ತೊಡರುತ್ತಿದೆ.

ತಿಂಗಳ ವರದಿಯ ಹಾಳೆಯಲ್ಲಿ ಎರಡು ಕಾಲಂ. ಒಂದರ ತಲೆಯಲ್ಲಿ ‘ಸಂಗ್ರಹವಾದ ಕಸ’, ಇನ್ನೊಂದರಲ್ಲಿ ‘ವಿಲೇವಾರಿಯಾದ ಕಸ’. ಪ್ರತಿ ಸಾಲಿನಲ್ಲೂ ಎರಡೂ ಕಡೆ ಒಂದೇ ಅಂಕಿ. ಅಂದರೆ ಬಂದದ್ದೆಲ್ಲ ಆ ದಿನವೇ ಮುಗಿದುಹೋಯಿತು ಅಂತ ಅರ್ಥ ಅಲ್ವಾ? ಆದರೆ ಕಸ ಸುರಿಯುವ ಜಾಗಕ್ಕೆ ಹೋಗಿ ನೋಡಿದರೆ, ಒಣ ಕಸದ ಮೂಟೆಗಳು ನೀಲಿ ಟಾರ್ಪಾಲಿನ ಕೆಳಗೆ ಸಾಲಾಗಿ ಕೂತಿವೆ. ಮೂಟೆಯ ಬಾಯಿಗೆ ಕಟ್ಟಿದ ಹಗ್ಗದ ಸಂದಿಯಲ್ಲಿ ಹುಲ್ಲು ಎದ್ದಿದೆ. ಅಲ್ಲಿಯವರನ್ನು ಕೇಳಿದರೆ ವರದಿಯಲ್ಲಿ ಸುಳ್ಳಿಲ್ಲ ಅನ್ನುತ್ತಾರೆ. ಊರಿನಿಂದ ಎತ್ತಿ ಇಲ್ಲಿಗೆ ತಂದಾಯಿತು, ಅದೇ ವಿಲೇವಾರಿ.

ಈ ಅರ್ಥ ಅವರು ಹುಟ್ಟಿಸಿದ್ದಲ್ಲ, ಪದದಲ್ಲೇ ಇದೆ. ಕಚೇರಿಯಲ್ಲಿ ‘ಕಡತ ವಿಲೇವಾರಿ’, ‘ಅರ್ಜಿ ವಿಲೇವಾರಿ’ ಅನ್ನುತ್ತಾರೆ. ಅರ್ಜಿಯನ್ನು ಒಪ್ಪಿದರೂ ವಿಲೇವಾರಿ, ತಿರಸ್ಕರಿಸಿದರೂ ವಿಲೇವಾರಿ, ಬೇರೆ ಶಾಖೆಗೆ ಕಳಿಸಿದರೂ ಎಷ್ಟೋ ಸಲ ವಿಲೇವಾರಿಯೇ. ನನ್ನ ಮೇಜಿನಿಂದ ಹೋಯಿತು ಅನ್ನುವುದಷ್ಟೇ ಅದರ ತಿರುಳು. ಮರಾಠಿಯಲ್ಲೂ ಕಸದ ಮಾತಿಗೆ ‘ವಿಲ್ಹೇವಾಟ್’ ಅನ್ನುತ್ತಾರೆ, ನಮ್ಮದಕ್ಕೆ ಹತ್ತಿರದ ನಂಟು. ಕಡತಕ್ಕೆ ಈ ಪದ ಒಪ್ಪುತ್ತದೆ. ಕಸಕ್ಕೆ ಒಪ್ಪುವುದಿಲ್ಲ. ಕಸ ಒಬ್ಬರ ಮೇಜಿನಿಂದ ಹೋದರೆ ಇನ್ನೊಬ್ಬರ ಬೇಲಿಯ ಪಕ್ಕ ಬಿದ್ದಿರುತ್ತದೆ.

ಕಾನೂನು ಈ ಪದವನ್ನು ಇಷ್ಟು ಸಡಿಲ ಬಿಟ್ಟಿಲ್ಲ. 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳು ಸಂಗ್ರಹ, ವಿಂಗಡಣೆ, ಸಾಗಣೆ, ಸಂಸ್ಕರಣೆ, ವಿಲೇವಾರಿ ಎಲ್ಲವನ್ನೂ ಬೇರೆಬೇರೆ ಕೆಲಸಗಳಾಗಿ ಹೇಳಿದವು. ಅಲ್ಲಿ ವಿಲೇವಾರಿ ಅಂದರೆ ಕೊನೆಯ ಹಂತ ಮಾತ್ರ. ಸಂಸ್ಕರಣೆ ಆದ ಮೇಲೆ ಉಳಿದದ್ದು, ಬೀದಿ ಗುಡಿಸಿದ ಮಣ್ಣು, ಚರಂಡಿಯ ಹೂಳು, ಇವನ್ನು ನೆಲದ ನೀರು, ಹರಿಯುವ ನೀರು, ಗಾಳಿ ಕೆಡದ ಹಾಗೆ, ಪ್ರಾಣಿ ಪಕ್ಷಿ ಬಂದು ಮುತ್ತದ ಹಾಗೆ ಭೂಮಿಯಲ್ಲಿ ಸೇರಿಸುವುದು. ಆ ಲೆಕ್ಕದಲ್ಲಿ ಟಾರ್ಪಾಲಿನ ಕೆಳಗಿನ ಮೂಟೆ ವಿಲೇವಾರಿ ಆಗಿಲ್ಲ, ಸಂಸ್ಕರಣೆಗೂ ಹೋಗಿಲ್ಲ. ಸಾಗಣೆ ಮಾತ್ರ ಆಗಿದೆ.

ಹಾಗಾಗಿ ಕರಪತ್ರದಲ್ಲಿ ಒಂದೊಂದು ಹಂತಕ್ಕೂ ಒಂದೊಂದು ಪದ ಇಡಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಮೊದಲ ಹಂತಕ್ಕೆ ‘ಎತ್ತುವಳಿ’ ನನಗೆ ಇಷ್ಟ. ಪಡಿತರ ಎತ್ತುವಳಿ ಅಂತ ಎಲ್ಲರಿಗೂ ಗೊತ್ತಿರುವ ಮಾತು. ಕಸ ಎತ್ತುವ ಗಾಡಿ ಅಂತ ಮಕ್ಕಳೂ ಹೇಳುತ್ತಾರೆ. ಆಮೇಲೆ ‘ಸಾಗಣೆ’, ‘ಬೇರ್ಪಡಿಸುವುದು’. ‘ಸಂಸ್ಕರಣೆ’ಗೆ ಸುಲಭದ ಮಾತು ಸಿಕ್ಕಿಲ್ಲ. ಹಸಿ ಕಸಕ್ಕಾದರೆ ‘ಗೊಬ್ಬರ ಮಾಡುವುದು’ ಅಂದರೆ ಸಾಕು, ಒಣ ಕಸಕ್ಕೆ ಏನನ್ನಬೇಕು? ಕೊನೆಯ ಹಂತಕ್ಕೆ ‘ವಿಲೇವಾರಿ’ಯನ್ನೇ ಉಳಿಸಿ ಮುಂದೆ ‘ಅಂತಿಮ’ ಸೇರಿಸಬೇಕೋ, ಅಥವಾ ನೇರವಾಗಿ ‘ಹೂಳುವುದು’ ಅನ್ನಬೇಕೋ? ನನಗೆ ಎರಡನೆಯದೇ ಸರಿ ಅನಿಸುತ್ತದೆ. ಹೂಳುತ್ತೇವೆ ಅಂದಾಗ ಎಲ್ಲಿ, ಎಷ್ಟು ಆಳದಲ್ಲಿ, ಅಡಿಯಲ್ಲಿ ಏನು ಹಾಸಿದ್ದೀರಿ ಅಂತ ಜನ ತಾವಾಗಿಯೇ ಕೇಳುತ್ತಾರೆ.

ಮರುಬಳಕೆಯದು ಇನ್ನೊಂದು ತೊಡಕು. ಬಾಟಲಿ ತೊಳೆದು ಮತ್ತೆ ಎಣ್ಣೆ ತುಂಬಿಸಿದರೂ ಮರುಬಳಕೆ, ಅದೇ ಬಾಟಲಿ ಕರಗಿಸಿ ಹೊಸದು ಮಾಡಿದರೂ ಮರುಬಳಕೆ. ‘ಪುನಶ್ಚಕ್ರೀಕರಣ’ ಅಂತ ಬರೆದರೆ ಯಾರೂ ಓದುವುದಿಲ್ಲ. ಮನೆಯಲ್ಲಾದರೆ ಒಂದೇ ಪದ ಎರಡಕ್ಕೂ ನಡೆಯುತ್ತದೆ. ಗುತ್ತಿಗೆದಾರರ ಬಿಲ್ಲಿನಲ್ಲಿ ನಡೆಯುವುದಿಲ್ಲ. ‘ಮರುಬಳಕೆಗೆ ಕಳುಹಿಸಿದೆ’ ಎಂಬ ಸಾಲಿನಡಿ ಗುಜರಿಗೆ ಮಾರಿದ ರಟ್ಟು, ಬಾಟಲಿ ಇವೆ. ಜೊತೆಗೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುವ ಚಿಪ್ಸ್ ಪ್ಯಾಕೆಟ್, ಹರಿದ ಕವರ್‌ಗಳೂ ಇವೆ. ಮರುಬಳಕೆ ಆಗದ, ಆದರೆ ಚೆನ್ನಾಗಿ ಉರಿಯುವ ಕಸವನ್ನು, ಅಂದರೆ ಕಿಲೋಗೆ 1500 ಕಿಲೋಕ್ಯಾಲರಿ ಮತ್ತು ಅದಕ್ಕಿಂತ ಜಾಸ್ತಿ ಶಾಖ ಕೊಡುವಂಥದ್ದನ್ನು, ಹೂಳಬಾರದು, ಇಂಧನವಾಗಿ ಬಳಸಬೇಕು ಅಂತ ಅದೇ 2016ರ ನಿಯಮಗಳು ಹೇಳಿದವು. ಹಾಗಾಗಿ ಸಿಮೆಂಟ್ ಒಲೆಗೆ ಕಳಿಸುವುದು ತಪ್ಪಲ್ಲ. ಆದರೆ ಅದು ಉರಿಸುವುದು. ಉರಿಸಿದ್ದನ್ನು ಮರುಬಳಕೆ ಅಂತ ಬರೆದರೆ, ಮನೆಯಲ್ಲಿ ಕೂತು ಕವರ್ ತೊಳೆದು ಒಣಗಿಸಿಟ್ಟ ಹೆಂಗಸಿಗೆ ಸರಿಯಾದ ಲೆಕ್ಕ ಕೊಟ್ಟ ಹಾಗಾಗುವುದಿಲ್ಲ. ಕರಪತ್ರದಲ್ಲಿ ‘ಗುಜರಿಗೆ ಹೋದದ್ದು’, ‘ಒಲೆಗೆ ಹೋದದ್ದು’ ಅಂತ ಎರಡು ಸಾಲು ಮಾಡೋಣ ಅಂದುಕೊಂಡಿದ್ದೇನೆ. ಕೊಡಗಿಗೆ ರೈಲಿಲ್ಲ. ಎರಡು ಬಗೆಯ ಕಸವೂ ಘಾಟಿ ಇಳಿದು ಲಾರಿಯಲ್ಲೇ ಹೋಗಬೇಕು, ಬಾಡಿಗೆ ನಮ್ಮ ತೆರಿಗೆಯದ್ದು. ಎಲ್ಲಿಗೆ ಹೋಯಿತು ಅನ್ನುವುದು ತಿಳಿಯಲೇಬೇಕು.

ಹಸಿ ಕಸ, ಒಣ ಕಸ ಅನ್ನುವ ಜೋಡಿ ಚೆನ್ನಾಗಿ ನೆಲೆಯೂರಿದೆ, ಅದನ್ನು ಬದಲಿಸಬೇಕು ಅನ್ನುತ್ತಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ‘ಒಣ’ ಎಂಬ ಪದ ಕಷ್ಟಕ್ಕೆ ಬೀಳುತ್ತದೆ. ಗೇಟಿನ ಹತ್ತಿರ ಇಟ್ಟ ರಟ್ಟಿನ ಪೆಟ್ಟಿಗೆ ಗಾಡಿ ಬರುವಷ್ಟರಲ್ಲಿ ನೆನೆದು ಮುದ್ದೆಯಾಗಿರುತ್ತದೆ. ಹೊಸದಾಗಿ ಬಂದ ಬಾಡಿಗೆದಾರರು ಅದನ್ನು ಹಸಿ ಕಸದ ಬಕೆಟ್ಟಿಗೆ ಹಾಕುತ್ತಾರೆ. ಕನ್ನಡದಲ್ಲಿ ‘ಹಸಿ’ ಬೇರೆ, ‘ಒದ್ದೆ’ ಬೇರೆ. ಬಾಳೆಹಣ್ಣಿನ ಸಿಪ್ಪೆ ಬಿಸಿಲಲ್ಲಿ ಬಾಡಿದರೂ ಹಸಿ ಕಸವೇ, ಪೇಪರು ಮಳೆಯಲ್ಲಿ ತೊಯ್ದರೂ ಒಣ ಕಸವೇ. ಇದನ್ನು ಒಂದೇ ಸಾಲಿನಲ್ಲಿ ಹೇಳುವ ಬಗೆ ಯಾರಿಗಾದರೂ ಹೊಳೆದರೆ ಬರೆಯಿರಿ. ‘ಕೊಳೆಯುವ ಕಸ’, ‘ಕೊಳೆಯದ ಕಸ’ ಅಂದು ನೋಡಿದೆವು. ರಟ್ಟೂ ಕೊಳೆಯುತ್ತದಲ್ಲ ಅಂದರು, ಅದೂ ನಿಜವೇ.

ಇದು ಬರೀ ಪದದ ಮಾತಲ್ಲ. ಗುತ್ತಿಗೆದಾರರಿಗೆ ಟನ್ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ, ನೆನೆದ ಕಸ ಜಾಸ್ತಿ ತೂಗುತ್ತದೆ. ಮಳೆಯ ನೀರಿಗೂ ನಾವೇ ದುಡ್ಡು ಕೊಟ್ಟ ಹಾಗೆ. ಗಾಡಿಗೆ ಹೊದಿಕೆ ಹಾಕಿತ್ತೋ ಇಲ್ಲವೋ, ತೂಕ ಹಾಕುವಾಗ ಅಡಿಯಿಂದ ನೀರು ಸೋರುತ್ತಿತ್ತೋ ಎಂದು ಬರೆದುಕೊಳ್ಳಲು ತೂಕದ ಚೀಟಿಯಲ್ಲಿ ಜಾಗ ಇರಬೇಕು. ನಾವು ನೋಡಿದ ಚೀಟಿಯಲ್ಲಿ ಗಾಡಿ ನಂಬರ್, ತೂಕ, ಹೊತ್ತು ಇಷ್ಟೇ ಇದೆ.

ಇನ್ನು ಮುಖ್ಯವಾದ ಪದ. ಸ್ಥಳೀಯ ಸಂಸ್ಥೆ ಗುತ್ತಿಗೆದಾರರ ಮೇಲೆ ಇಡಬೇಕಾದದ್ದಕ್ಕೆ ಏನು ಹೆಸರು? ನಡಾವಳಿಯಲ್ಲಿ ಒಂದು ಕಡೆ ‘ಉಸ್ತುವಾರಿ’, ಇನ್ನೊಂದು ಕಡೆ ‘ಮೇಲ್ವಿಚಾರಣೆ’, ಮತ್ತೊಂದು ಕಡೆ ‘ನಿಗಾ’. ಮೂರೂ ಒಂದೇ ಅಂದುಕೊಂಡು ಬರೆದ ಹಾಗಿದೆ. ನನ್ನ ಕಿವಿಗೆ ಮೂರೂ ಬೇರೆ. ಮದುವೆ ಊಟದ ಉಸ್ತುವಾರಿ ಇವರದು ಅಂದರೆ ಇವರೇ ನಿಂತು ಮಾಡಿಸುತ್ತಾರೆ ಅಂತ. ಅದಕ್ಕೇ ‘ಘಟಕದ ಉಸ್ತುವಾರಿ ಗುತ್ತಿಗೆದಾರರದು’ ಎಂಬ ಷರತ್ತು ಓದಿದಾಗ ಬೇಜಾರಾಯಿತು. ಮಾಡುವವರೂ ಅವರೇ, ನೋಡುವವರೂ ಅವರೇ ಎಂದಾಯಿತು. ‘ನಿಗಾ’ ಅಂದರೆ ಪಾರಸಿಯ ನೋಟ, ದೃಷ್ಟಿ. ಕಣ್ಣಿಟ್ಟಿರುವುದು ಸರಿ, ಆದರೆ ತಪ್ಪು ಕಂಡಾಗ ಏನು ಮಾಡಬೇಕು ಅನ್ನುವುದು ಆ ಪದದಲ್ಲಿಲ್ಲ. ‘ಮೇಲ್ವಿಚಾರಣೆ’ಯಲ್ಲಿ ವಿಚಾರಿಸುವುದು, ಕೇಳುವುದು ಇದೆ. ನನ್ನ ಮತ ಅದಕ್ಕೆ.

ಕೊಡಗಿನವರಿಗೆ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಕಾಫಿ ತೋಟದಲ್ಲಿ ಮೇಸ್ತ್ರಿ ಆಳುಗಳನ್ನು ಕರೆತಂದು ಕೆಲಸ ಮಾಡಿಸುತ್ತಾರೆ, ರೈಟರ್ ಹಾಜರಿ ಹಿಡಿದು ಚೆಕ್‌ರೋಲಿಗೆ ಬರೆಯುತ್ತಾರೆ. ಮೇಸ್ತ್ರಿ ಹೇಳಿದ ತಲೆ ಲೆಕ್ಕವನ್ನೇ ರೈಟರ್ ಬರೆದುಕೊಂಡರೆ ತೋಟದ ಯಜಮಾನರು ಸುಮ್ನೆ ಇರುತ್ತಾರಾ? ಕಸದ ಗುತ್ತಿಗೆಯಲ್ಲಿ ರೈಟರ್ ಕೆಲಸ ಆರೋಗ್ಯ ನಿರೀಕ್ಷಕರದು, ಪರಿಸರ ಎಂಜಿನಿಯರರದು. ಅದನ್ನು ಗುತ್ತಿಗೆದಾರರ ಸೂಪರ್‌ವೈಸರ್ ಸಹಿಗೆ ಬಿಡಲಾಗದು. ಬೀದಿ ಗುಡಿಸುವುದು, ಕಸ ತೆಗೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ಸ್ಥಳೀಯ ಸಂಸ್ಥೆಯ ಕಡ್ಡಾಯ ಕೆಲಸ. ಗುತ್ತಿಗೆ ಕೊಟ್ಟ ಮಾತ್ರಕ್ಕೆ ಹೊಣೆ ಕೈ ಬಿಡುವುದಿಲ್ಲ.

ಒಂದು ಸಣ್ಣ ವಿಷಯ. ವರ್ಷಗಳಿಂದ ಗುಡ್ಡೆ ಬಿದ್ದಿರುವ ಹಳೇ ಕಸಕ್ಕೆ ಸರಕಾರಿ ಕಾಗದದಲ್ಲಿ ‘ಪಾರಂಪರಿಕ ತ್ಯಾಜ್ಯ’ ಅನ್ನುತ್ತಾರೆ. ಅರಮನೆ, ಕೋಟೆಗೆ ‘ಪಾರಂಪರಿಕ ಕಟ್ಟಡ’ ಅನ್ನುವ ಅದೇ ಪದ. ಕರಪತ್ರದಲ್ಲಿ ‘ಹಳೇ ಕಸ’ ಅಂತಲೇ ಬರೆಯುತ್ತೇನೆ. ಆ ಗುಡ್ಡೆಯಿಂದ ಮಳೆಗಾಲದಲ್ಲಿ ಇಳಿಯುವ ಕಪ್ಪು ನೀರಿಗೆ ಮಾತ್ರ ಒಳ್ಳೆಯ ಹೆಸರು ಬೇಕೇ ಬೇಕು. ಎಂಜಿನಿಯರುಗಳು ‘ಲೀಚೇಟ್’ ಅನ್ನುತ್ತಾರೆ, ಅಕ್ಕಪಕ್ಕದವರು ‘ಕೊಳೆ ನೀರು’ ಅನ್ನುತ್ತಾರೆ. ಕೊಳೆ ನೀರು ಅಂದರೆ ಬಚ್ಚಲ ನೀರೂ ಆದೀತು. ನಮ್ಮದು ಇಳಿಜಾರಿನ ಊರು. ಈ ನೀರು ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ‘ಕಸದ ರಸ’ ಎಂದು ಒಬ್ಬರು ಸೂಚಿಸಿದ್ದಾರೆ. ನನಗೆ ಹಿಡಿಸಿದೆ, ನಿಮಗೆ?

ಮಂಗಳೂರು, ಧಾರವಾಡ, ಕಲಬುರಗಿ ಕಡೆಯ ಸದಸ್ಯರು ನಿಮ್ಮೂರಿನ ಕಸದ ಟೆಂಡರಿನಲ್ಲಿ ‘ವಿಲೇವಾರಿ’ ಯಾವ ಅರ್ಥದಲ್ಲಿದೆ ಅಂತ ಒಂದೆರಡು ಸಾಲು ಹಾಗೇ ಇಳಿಸಿ ಕಳಿಸಿದರೆ ಉಪಕಾರ. ಪಂಚಾಯಿತಿಯ ಸ್ವಚ್ಛ ಸಂಕೀರ್ಣಗಳಲ್ಲಿ ಕೆಲಸ ಮಾಡುವ ಸ್ವಸಹಾಯ ಸಂಘದ ಅಕ್ಕಂದಿರು ಒಣ ಕಸ ಬೇರ್ಪಡಿಸುವಾಗ ತಮ್ಮ ತಮ್ಮಲ್ಲಿ ಯಾವ ಪದ ಆಡುತ್ತಾರೆ ಅಂತ ಕೇಳಿದವರಿದ್ದರೆ ಅದೂ ಬೇಕು. ಕೊಡವ ತಕ್ಕ್, ಅರೆಭಾಷೆ ಮನೆಮಾತಿನವರು ‘ಎತ್ತುವಳಿ’, ‘ಹೂಳುವುದು’ ಇವಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ ತಿಳಿಸಿ. ಕರಪತ್ರದ ಹಿಂಬದಿ ಪುಟ ಇನ್ನೂ ಖಾಲಿ ಇದೆ, ಆ ಪದಗಳನ್ನು ಅಲ್ಲಿ ಹಾಕುತ್ತೇವೆ.